ತೊಂಬತ್ತೇಳು ಜನರಾದ ಸೊನುನ್‌ಬೂಬು

ಸೊನುನ್‌ಬೂಬು ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಇಡೀ ವಿಶ್ವವಿದ್ಯಾಲಯವೇ ಆಗಿಬಿಟ್ಟಳು. ಅದಕ್ಕೆ ಮುಂಚೆ ಮೂವತ್ತು ವರ್ಷ ಅವಳು ಮಧ್ಯ ಏಷ್ಯಾದ ಅಕ್-ತೆರೆಕ್ ಊರಿನ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಾರ್ಡು ಬರೆಯುವ ಕೆಲಸ ಮಾಡಿಕೊಂಡಿದ್ದಳು.

ಅವಳ ಅಪ್ಪ ಸಾಮೂಹಿಕ ಜಮೀನಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಗಂಡ ಕೆನೆಶ್ ಅದೇ ಊರಿನ ಬಸ್ ನಿಲ್ದಾಣದ ಹಿಂದೆ ಬಾಡಿಗೆ ವ್ಯಾನುಗಳನ್ನು ರಿಪೇರಿ ಮಾಡುತ್ತಿದ್ದ. ಒಬ್ಬಳೇ ಮಗಳು ಮದುವೆಯಾಗಿ ಸರೋವರದ ಆಚೆ ದಡದಲ್ಲಿದ್ದಳು. ಸೊನುನ್‌ಬೂಬುವಿನ ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗೆ. ಯಾವ ಪುಸ್ತಕ ಯಾವ ಕಪಾಟಿನ ಯಾವ ಸಾಲಿನಲ್ಲಿದೆ, ಯಾವ ವರ್ಷ ಬಂತು, ಬೆನ್ನು ಯಾವಾಗ ಹರಿಯಿತು, ಯಾರು ಅಂಟು ಹಾಕಿದರು, ಇದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಪುಸ್ತಕದ ಹೊರಗಿನದು ತನ್ನ ಜವಾಬ್ದಾರಿ, ಒಳಗಿನದು ಓದುವವರ ಪಾಡು ಎಂದು ಅವಳು ಪ್ರಾಮಾಣಿಕವಾಗಿ ನಂಬಿದ್ದಳು.

ಓದುವವರು ಮಾತ್ರ ಇರಲಿಲ್ಲ. ವಿಶ್ವವಿದ್ಯಾಲಯದವರು ವರ್ಷಕ್ಕೆರಡು ಸಲ ಒಂದು ಸಂಶೋಧನಾ ಪತ್ರಿಕೆ ತರುತ್ತಿದ್ದರು. ಬೂದು ಬಣ್ಣದ ರಟ್ಟು, ನೂರು ಪ್ರತಿ. ಬರೆದ ಮೇಷ್ಟ್ರುಗಳು ತಮ್ಮ ತಮ್ಮ ಲೇಖನ ಬಂದ ಪ್ರತಿಗಳನ್ನು ಮನೆಗೆ ಒಯ್ಯುತ್ತಿದ್ದರು, ಅದರಲ್ಲಿ ತಮ್ಮ ಪುಟ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದರು, ಮುಚ್ಚಿ ಗಾಜಿನ ಬೀರುವಿನಲ್ಲಿ ಚಹಾ ಬಟ್ಟಲುಗಳ ಪಕ್ಕ ಇಡುತ್ತಿದ್ದರು. ನಲವತ್ತನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಯಾರಿಗೂ ಯಾರ ಮೇಲೂ ದೂರಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಬರೆದದ್ದು ಪ್ರಪಂಚದ ಕಣ್ಣಿಗೆ ಬೀಳಬೇಕು, ಬೀಳದಿದ್ದರೆ ಬರೆದ ಲೆಕ್ಕಕ್ಕಿಲ್ಲ ಎಂಬ ಮಾತು ರಾಜಧಾನಿಯಿಂದ ಬಂತು. ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್ ಎಸೆನ್‌ಗುಲ್ ಮಾಮಿರೊವಿಚ್ ಹಿಂದುಮುಂದು ನೋಡದೆ 'ಸಂಶೋಧಕರ ನೆರವು ವಿಭಾಗ' ಎಂಬ ಹಿತ್ತಾಳೆಯ ಫಲಕ ಮಾಡಿಸಿದರು. ಫಲಕ ಬಂದ ಮೇಲೆ ಅದನ್ನು ಯಾವ ಬಾಗಿಲಿಗೆ ಹೊಡೆಯುವುದು ಎಂಬ ಚರ್ಚೆಯಾಯಿತು. ಇಂಟರ್‌ನೆಟ್ ತಂತಿ ಸೊನುನ್‌ಬೂಬುವಿನ ಕೋಣೆಯವರೆಗೆ ಬಂದು ನಿಂತಿತ್ತು, ಮೇಲಾಗಿ ಆ ಕೋಣೆಯ ಕಿಟಕಿಯೊಂದೇ ಚಳಿಗಾಲದಲ್ಲಿ ಸರಿಯಾಗಿ ಮುಚ್ಚುತ್ತಿತ್ತು. ಫಲಕವನ್ನು ಅಲ್ಲಿಗೇ ಹೊಡೆದರು. ಒಳಗೆ ಕೂತಿದ್ದವಳು ವಿಭಾಗದ ಮುಖ್ಯಸ್ಥೆಯಾದಳು.

"ನಂಗೆ ಇಂಗ್ಲಿಷ್ ಬರಲ್ವಲ್ಲ, ಎಸೆನ್‌ಗುಲ್ ಮಾಮಿರೊವಿಚ್," ಎಂದಳು.

"ನಮಗೆ ಯಾರಿಗೆ ಬರತ್ತಮ್ಮ?" ಎಂದರು ರೆಕ್ಟರ್.

ಮೊದಲ ಕೆಲಸ ಹಳೆಯ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಪುಕ್ಕಟೆಯಾಗಿ ಓದುವಂತೆ ಇಂಟರ್‌ನೆಟ್ಟಿಗೆ ಏರಿಸುವುದು. ಎರಡನೆಯದು ಒಬ್ಬೊಬ್ಬ ಮೇಷ್ಟ್ರಿಗೂ ಹದಿನಾರು ಅಂಕಿಯ ವಿದ್ವಾಂಸ ಸಂಖ್ಯೆ ಮಾಡಿಸುವುದು. ಈ ಅಸನೋವ್ ಬೇರೆ, ಆ ಅಸನೋವ್ ಬೇರೆ ಎಂದು ಪ್ರಪಂಚಕ್ಕೆ ಗೊತ್ತಾಗಬೇಕಲ್ಲ, ಅದಕ್ಕೆ ಈ ಸಂಖ್ಯೆ. ಅದು ಹೊರದೇಶದ ಯಾವುದೋ ಕಂಪನಿಯ ಯಂತ್ರ. ಅದಕ್ಕೆ ಒಂದು ಮಿಂಚಂಚೆ ವಿಳಾಸ ಬೇಕು, ಫೋನಿಗೆ ಬರುವ ಗುಟ್ಟಿನ ಅಂಕಿ ಬೇಕು. ತೊಂಬತ್ತೇಳು ಮೇಷ್ಟ್ರುಗಳಲ್ಲಿ ಒಬ್ಬರೂ ತಮ್ಮ ಫೋನ್ ಕೊಡಲೊಪ್ಪಲಿಲ್ಲ. "ನೀನೇ ನಿನ್ನ ಫೋನಲ್ಲಿ ಮಾಡಿಬಿಡು ಸೊನುನ್, ನಂಗೆ ಪಾಠ ಇದೆ," ಎಂದು ಕೈ ತೊಳೆದುಕೊಂಡರು. ಅವಳು ಮೂರು ವಾರ ಕೂತು ತನ್ನದೇ ಫೋನ್, ತನ್ನದೇ ವಿಳಾಸ, ತನ್ನದೇ ಕೋಣೆಯ ಸಂಖ್ಯೆ ಕೊಟ್ಟು ತೊಂಬತ್ತೇಳು ಜನರನ್ನೂ ನೋಂದಾಯಿಸಿದಳು.

ಆ ಮಂಗಳವಾರ ಯಂತ್ರ ಒಂದು ಪ್ರಶ್ನೆ ಕೇಳಿತು. ಅವಳು ನಿಘಂಟು ತೆಗೆದು ಒಂದೊಂದೇ ಪದ ಹುಡುಕಿದಳು. ಒಂದೇ, ಮನುಷ್ಯ, ಹಲವು, ಒಂದುಗೂಡಿಸು, ಹೌದು, ಇಲ್ಲ. ರೆಕ್ಟರ್ ಪ್ರತಿ ಸಭೆಯಲ್ಲೂ ನಾವೆಲ್ಲ ಒಂದಾಗಿರಬೇಕು ಎಂದು ಎದೆ ತಟ್ಟಿ ಹೇಳುವುದು ಅವಳಿಗೆ ನೆನಪಿತ್ತು. 'ಹೌದು' ಒತ್ತಿದಳು.

ಪರದೆಯ ಮೇಲೆ ತೊಂಬತ್ತೇಳು ಹೆಸರುಗಳು ಮಾಯವಾಗಿ, ಫೋನು ಯಾರದೋ ಅವರ ಹೆಸರೊಂದೇ ಉಳಿಯಿತು. ಸೊನುನ್‌ಬೂಬು, ವಿದ್ವಾಂಸೆ. ಲೇಖನಗಳು ಆರುನೂರ ನಲವತ್ತೊಂದು. ವಿಷಯಗಳು: ಕಾಂಕ್ರೀಟು, ಕುದುರೆ ಹಾಲು, ಕ್ರಿಯಾಪದ, ಹಿಮನದಿ, ಕುರಿಗಳ ಗರ್ಭಪಾತ, ಶಾಲಾ ಮಕ್ಕಳ ನಡತೆ, ಇತ್ಯಾದಿ.

ಅವಳು ಎದ್ದು ಹೋಗಿ ಕಿಟಕಿ ತೆರೆದು ಸ್ವಲ್ಪ ಹೊತ್ತು ಪಾಪ್ಲರ್ ಮರಗಳನ್ನು ನೋಡಿದಳು. ಮತ್ತೆ ಬಂದು ಕೂತಾಗಲೂ ಅದೇ ಇತ್ತು.

ಮೊದಲು ಬಾಗಿಲು ತಳ್ಳಿಕೊಂಡು ಬಂದವರು ಪಶುವೈದ್ಯದ ಮೇಷ್ಟ್ರು ಡೂಲೋತ್. ಅರವತ್ತು ದಾಟಿದ, ದಪ್ಪ ಮೀಸೆಯ, ದನಿ ಇಳಿಸಲು ಬಾರದ ಮನುಷ್ಯ.

"ಸೊನುನ್! ನನ್ನ ಕುರಿಗಳೆಲ್ಲಾ ಎಲ್ಲಿ ಹೋದ್ವು?"

"ನನ್ನ ಹತ್ರ ಇವೆ, ಬೈಕೆ," ಎಂದಳು ಅವಳು, ತಪ್ಪಿತಸ್ಥಳಂತೆ. ಅಣ್ಣನ ವಯಸ್ಸಿನವರನ್ನು ಅವಳು ಬೈಕೆ ಎನ್ನದೆ ಮಾತಾಡಿಸಿದವಳಲ್ಲ.

"ಇಪ್ಪತ್ತೆರಡು ಲೇಖನ ಕಣೇ! ಒಂದೊಂದು ಲೇಖನಕ್ಕೂ ಒಂದೊಂದು ಚಳಿಗಾಲ ಸವೆಸಿದೀನಿ!"

"ಹುಷಾರಾಗಿ ಇಟ್ಕೊಂಡಿದೀನಿ ಬೈಕೆ. ಒಂದೂ ಕಳೆದಿಲ್ಲ."

ಸಂಜೆ ಮನೆಯಲ್ಲಿ ಕೆನೆಶ್ ಚಹಾ ಸುರಿದುಕೊಳ್ಳುತ್ತ ಹೆಂಡತಿಯ ಫೋನಿನಲ್ಲಿ ಆ ಪಟ್ಟಿಯನ್ನು ಓದಿದ. ಬಹಳ ಹೊತ್ತು ಓದಿದ.

"ಎಪ್ಪತ್ನಾಲ್ಕನೇ ಇಸವಿಲಿ ಸೇತುವೆ ಕಾಂಕ್ರೀಟಿನ ಬಗ್ಗೆ ಬರೆದಿದೀಯಲ್ಲೇ. ಆಗ ನಿಂಗೆ ಹನ್ನೊಂದು ವರ್ಷ."

"ಸುಮ್ನಿರ್ತೀರಾ?"

"ಅಲ್ಲ, ಮದುವೆಗೆ ಮುಂಚೆ ಒಂದು ಮಾತು ಹೇಳಬಹುದಿತ್ತು. ನಮ್ಮಪ್ಪ ನಿಮ್ಮಪ್ಪಂಗೆ ತೆರ ಅಂತ ಇನ್ನೆರಡು ಕುದುರೆ ಜಾಸ್ತಿ ಕೊಡ್ತಿದ್ದ."

ತಪ್ಪು ಸರಿಪಡಿಸಲು ಹೊರಟಾಗ ನಿಜವಾದ ಪಜೀತಿ ಶುರುವಾಯಿತು. ಹೊರದೇಶದ ಕಂಪನಿಗೆ ಪತ್ರ ಬರೆದರೆ, ಇಂಥ ದೂರುಗಳಿಗೆ ನಿಮ್ಮ ವಿಶ್ವವಿದ್ಯಾಲಯದ ಸಂಶೋಧಕರ ನೆರವು ವಿಭಾಗವನ್ನು ಕಾಣಿರಿ ಎಂದು ಉತ್ತರ ಬಂತು. ನಿಯಮ ಎಂದ ಮೇಲೆ ನಿಯಮ. ಅವಳು ತನಗೆ ತಾನೇ ಅರ್ಜಿ ಬರೆದುಕೊಂಡಳು, ಅದಕ್ಕೆ ಆವಕ ಸಂಖ್ಯೆ ಹಾಕಿದಳು, ಐದು ದಿನ ಬಿಟ್ಟು ವಿನಯದಿಂದ ಉತ್ತರ ಬರೆದಳು, ಆ ಎರಡನ್ನೂ ಸೇರಿಸಿ ಮತ್ತೆ ಕಂಪನಿಗೆ ಕಳಿಸಿದಳು. ಕಂಪನಿಯವರು ಈ ಸಲ, ತೊಂಬತ್ತೇಳು ಜನರೂ ಬೇರೆ ಬೇರೆ ಮನುಷ್ಯರು ಎಂಬುದಕ್ಕೆ ಒಬ್ಬೊಬ್ಬರದೂ ರೆಕ್ಟರ್ ಮುದ್ರೆಯಿರುವ ಪ್ರಮಾಣಪತ್ರ ಬೇಕು ಎಂದರು.

ಅವಳು ತೊಂಬತ್ತೇಳು ಹಾಳೆ ಟೈಪ್ ಮಾಡಿ ರೆಕ್ಟರ್ ಕೋಣೆಗೆ ಒಯ್ದಳು. ರೆಕ್ಟರ್ ಮುಖ ಹಬ್ಬದ ದಿನದಂತೆ ಹೊಳೆಯುತ್ತಿತ್ತು.

"ಬಾಗಿಲು ಹಾಕಿ ಬಾಮ್ಮ. ನೋಡು ಇದನ್ನ."

ಪ್ರಪಂಚದ ವಿಶ್ವವಿದ್ಯಾಲಯಗಳಿಗೆ ಶ್ರೇಯಾಂಕ ಕೊಡುವ ಒಂದು ಸಂಸ್ಥೆಯ ಪಟ್ಟಿ ಅದು. ಒಟ್ಟು ಲೇಖನಗಳನ್ನು ಒಟ್ಟು ವಿದ್ವಾಂಸರ ಸಂಖ್ಯೆಯಿಂದ ಭಾಗಿಸಿ ಅವರು ಅಂಕ ಕೊಡುತ್ತಿದ್ದರು. ಅಕ್-ತೆರೆಕ್‌ನಲ್ಲಿ ಲೇಖನ ಆರುನೂರ ನಲವತ್ತೊಂದು, ವಿದ್ವಾಂಸರು ಒಬ್ಬರು. ಮಧ್ಯ ಏಷ್ಯಾಕ್ಕೆಲ್ಲ ಮೊದಲನೆಯ ಸ್ಥಾನ, ಇಡೀ ಖಂಡಕ್ಕೆ ಮೂರನೆಯದು.

"ಆದ್ರೆ ಇದು ಸುಳ್ಳಲ್ವಾ, ಎಸೆನ್‌ಗುಲ್ ಮಾಮಿರೊವಿಚ್?"

"ಯಾವುದು ಸುಳ್ಳು? ಆರುನೂರ ನಲವತ್ತೊಂದು ಲೇಖನ ಇಲ್ವಾ?"

"ಇವೆ."

"ನೀನಿಲ್ವಾ?"

"ಇದೀನಿ."

"ಮತ್ತೆ? ಮೇ ತಿಂಗಳಲ್ಲಿ ಅವರ ಕಡೆಯಿಂದ ಒಬ್ರು ನೋಡೋಕೆ ಬರ್ತಾರೆ. ಅವರು ಬಂದು ಹೋಗೋ ತನಕ ನೀನು ಸ್ವಲ್ಪ ಹೀಗೇ ಇರು." ಮುದ್ರೆಯನ್ನು ಅವರು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು.

ಹೀಗೇ ಇರುವುದು ಸುಲಭವಾಗಿರಲಿಲ್ಲ. ಡೂಲೋತ್ ಹೊಸ ಲೇಖನವೊಂದನ್ನು ಪರದೇಶದ ಪತ್ರಿಕೆಗೆ ಕಳಿಸಿದರೆ, ಇದರ ಅರ್ಧ ಭಾಗ ಸೊನುನ್‌ಬೂಬು ಎಂಬ ಖ್ಯಾತ ವಿದ್ವಾಂಸೆಯಿಂದ ಕದ್ದದ್ದು ಎಂದು ವಾಪಸು ಬಂತು. ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಅವಳ ಕೋಣೆಗೆ ಬಂದರು. ಇಂಗ್ಲಿಷ್ ಕಲಿಸುವ ಹುಡುಗಿ ಆಯ್‌ಸಲ್ಕಿನ್‌ಳನ್ನು ಕೂರಿಸಿಕೊಂಡು ಇಬ್ಬರೂ ಒಂದು ಪತ್ರ ಬರೆಸಿದರು: ಇವರು ನನ್ನಿಂದ ಕದ್ದದ್ದನ್ನು ನಾನು ಮನಸಾರೆ ಕ್ಷಮಿಸಿದ್ದೇನೆ, ಮುಂದೆಯೂ ಬೇಕಾದಷ್ಟು ಕದಿಯಬಹುದು. ಗಣಿತದವನು ಭಾಷೆಯವಳ ಲೇಖನವನ್ನು ಉಲ್ಲೇಖಿಸಿದರೂ ಯಂತ್ರ ಕೆಂಪು ದೀಪ ಹಚ್ಚುತ್ತಿತ್ತು, ಈ ವಿದ್ವಾಂಸೆ ಬರೀ ತನ್ನನ್ನೇ ತಾನು ಹೊಗಳಿಕೊಳ್ಳುತ್ತಾಳೆ ಎಂದು. ಚಳಿಗಾಲ ಕಳೆಯುವುದರೊಳಗೆ ಕಾರಿಡಾರಿನಲ್ಲಿ ಅವಳನ್ನು ಕಂಡರೆ ಕೆಲವರು ಮುಖ ತಿರುಗಿಸುತ್ತಿದ್ದರು, ಕೆಲವರು ತಮ್ಮ ಲೇಖನ ಕ್ಷೇಮವೇ ಎಂದು ವಿಚಾರಿಸುತ್ತಿದ್ದರು, ಬೋರ್ಡಿಂಗ್ ಶಾಲೆಗೆ ಬಿಟ್ಟ ಮಕ್ಕಳನ್ನು ವಿಚಾರಿಸುವ ಹಾಗೆ.

ಮಾರ್ಚಿನಲ್ಲಿ ರೆಕ್ಟರ್ ಇನ್ನೊಂದು ಸುದ್ದಿ ಹೇಳಿದರು. ಬರುವ ಅತಿಥಿಯ ಮುಂದೆ ಅವಳು 'ನನ್ನ ವಿದ್ವತ್ತಿನ ಹಾದಿ' ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಬೇಕು.

ಸೊನುನ್‌ಬೂಬುವಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಒಂದು ತೀರ್ಮಾನಕ್ಕೆ ಬಂದಳು. ಹೆಸರು ತನ್ನದಾಗಿದೆ, ಮೈಮೇಲೆ ಬಿದ್ದಿದೆ, ಕನಿಷ್ಠ ಒಳಗೆ ಏನು ಬರೆದಿದೆ ಎಂದಾದರೂ ನೋಡಬೇಕು. ಕಪಾಟಿನಿಂದ ಬೂದು ರಟ್ಟಿನ ಮೊದಲ ಸಂಚಿಕೆ ಇಳಿಸಿ ಓದಲು ಕೂತಳು.

ದಿನಕ್ಕೆ ಹದಿನೈದು ಲೇಖನ. ಒಲೆಯ ಪಕ್ಕ ಓದಿದಳು, ಬಸ್ಸಿಗೆ ಕಾಯುತ್ತ ಓದಿದಳು, ಹಿಟ್ಟು ನಾದುತ್ತ ಕೆನೆಶ್‌ನ ಕೈಲಿ ಪುಟ ತಿರುವಿಸಿಕೊಂಡು ಓದಿದಳು. ಅರ್ಥವಾಗದ್ದನ್ನು ಬರೆದವರ ಹತ್ತಿರವೇ ಹೋಗಿ ಕೇಳಿದಳು. ಮೂವತ್ತು ವರ್ಷದಲ್ಲಿ ಯಾರೂ ಬಂದು ಹಾಗೆ ಕೇಳಿರಲಿಲ್ಲವಾಗಿ ಅವರು ಮೊದಲು ಗಾಬರಿಯಾದರು, ಆಮೇಲೆ ಕುರ್ಚಿ ಎಳೆದು ಕೂರಿಸಿದರು. ಎಷ್ಟೋ ಲೇಖನ ಬರೀ ಹೊಟ್ಟು. ಒಂದೇ ಲೇಖನ ಆರು ಸಲ ಬೇರೆ ಬೇರೆ ತಲೆಬರಹ ಹೊತ್ತು ಬಂದದ್ದೂ ಇತ್ತು. ಆದರೆ ಹಿಮನದಿಯ ಮೇಷ್ಟ್ರು ಇಪ್ಪತ್ತು ಬೇಸಿಗೆ ಒಂದೇ ಬಂಡೆಗೆ ಗುರುತು ಹಾಕಿ ಅಳೆದದ್ದನ್ನು ಅವಳು ಮುಗಿಸಿದವಳೇ ಮತ್ತೆ ಮೊದಲಿನಿಂದ ಓದಿದಳು. ಬೀರುವಿನ ಚಹಾ ಬಟ್ಟಲುಗಳ ಪಕ್ಕ ಇಷ್ಟೆಲ್ಲ ಇತ್ತೇ ಎಂದುಕೊಂಡಳು.

ಏಪ್ರಿಲ್ ನಡುವಿನಲ್ಲಿ ಅವಳು ತೊಂಬತ್ತೆಂಟನೆಯ ಇಸವಿಯ ಎರಡನೆಯ ಸಂಚಿಕೆಗೆ ಬಂದಳು. ಅದರಲ್ಲಿ ಡೂಲೋತ್ ಬರೆದಿದ್ದರು: ಕೊಕ್-ಬುಲಾಕ್ ಕಣಿವೆಯ ಕುರಿಗಳಿಗೆ ನಾಲ್ಕನೆಯ ವರ್ಷಕ್ಕೇ ಹಲ್ಲು ಕಂದಾಗಿ ಸವೆದುಹೋಗುತ್ತವೆ, ಹುಲ್ಲು ಕಚ್ಚಲಾರದೆ ಸೊರಗಿ ಸಾಯುತ್ತವೆ, ರೋಗ ಯಾವುದೆಂದು ತಿಳಿಯದು, ಯಾರಾದರೂ ತಿಳಿದವರು ತಿಳಿಸಬೇಕು. ಹತ್ತು ದಿನ ಬಿಟ್ಟು ಎರಡು ಸಾವಿರದ ಮೂರರ ಸಂಚಿಕೆ ಕೈಗೆ ಬಂತು. ಅದರಲ್ಲಿ ಭೂವಿಜ್ಞಾನದ ಮೇಡಂ ಜಿಪಾರ್ ಕೆಲವು ಬುಗ್ಗೆಗಳ ನೀರು ಪರೀಕ್ಷೆ ಮಾಡಿ ಬರೆದಿದ್ದರು: ಕೊಕ್-ಬುಲಾಕ್‌ನ ಕೆಳಗಿನ ಬುಗ್ಗೆಯಲ್ಲಿ ಫ್ಲೋರೈಡ್ ವಿಪರೀತ, ಮೇಲಿನ ಬುಗ್ಗೆ ಶುದ್ಧ, ಕೆಳಗಿನ ನೀರನ್ನು ಬಹುಕಾಲ ಕುಡಿದ ಪ್ರಾಣಿಗಳ ಹಲ್ಲು ಮೂಳೆ ಹಾಳಾಗಬಹುದು, ಅಲ್ಲಿ ಪ್ರಾಣಿಗಳಿವೆಯೇ ಎಂದು ನನಗೆ ತಿಳಿಯದು.

ಸೊನುನ್‌ಬೂಬು ಎರಡು ಸಂಚಿಕೆಗಳನ್ನೂ ಅಕ್ಕಪಕ್ಕ ಇಟ್ಟು ನೋಡುತ್ತ ಕೂತಳು. ಬರೆದ ಇಬ್ಬರ ಕೋಣೆಗಳ ನಡುವೆ ಒಂದೇ ಗೋಡೆ ಇತ್ತು. ಮಾತು ಮಾತ್ರ ಇರಲಿಲ್ಲ.

ಎರಡು ಸಾವಿರನೆಯ ಇಸವಿಯಲ್ಲಿ ಒಬ್ಬ ಡೀನರ ಅರವತ್ತರ ಸಮಾರಂಭ ನಡೆದಿತ್ತು. ಊಟದಲ್ಲಿ ಕುರಿಯ ಎಲುಬುಗಳನ್ನು ವಯಸ್ಸು, ಮರ್ಯಾದೆ ನೋಡಿ ಹಂಚುವಾಗ, ಸೊಂಟದೆಲುಬು ಜಿಪಾರ್ ತಟ್ಟೆಗೆ ಹೋಯಿತು, ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ ಡೂಲೋತ್‌ಗೆ ಬರೀ ಭುಜದೆಲುಬು ಬಂತು. ಬಡಿಸಿದ ಹುಡುಗ ಮಾಡಿದ ಎಡವಟ್ಟು. ಜಿಪಾರ್ ಅದನ್ನು ವಾಪಸು ಕೊಡದೆ ತಿಂದರು ಎಂಬುದು ಡೂಲೋತ್ ಅವರ ದೂರು. ತಟ್ಟೆಗೆ ಬಿದ್ದದ್ದನ್ನು ತಿನ್ನದೆ ಅವಮಾನ ಮಾಡಬೇಕಿತ್ತೇ ಎಂಬುದು ಜಿಪಾರ್ ಅವರ ವಾದ. ಹತ್ತೊಂಬತ್ತು ವರ್ಷದಿಂದ ಇಬ್ಬರೂ ಒಬ್ಬರ ಹೆಸರು ಒಬ್ಬರು ಎತ್ತಿರಲಿಲ್ಲ.

ಸೊನುನ್‌ಬೂಬು ಮೊದಲು ಡೂಲೋತ್ ಅವರ ಬಳಿ ಹೋದಳು. ಅಕ್ಕನ ವಯಸ್ಸಿನ ಜಿಪಾರ್ ಅವಳ ಬಾಯಲ್ಲಿ ಎಜೆ.

"ಬೈಕೆ, ಕುರಿ ಹಲ್ಲಿನ ವಿಷಯಕ್ಕೆ ಜಿಪಾರ್ ಎಜೆ ಒಂದು ಬರೆದಿದಾರೆ, ಓದಿ ನೋಡ್ತೀರಾ?"

"ಯಾರು ಅವಳು?" ಎಂದರು ಅವರು.

"ಪಕ್ಕದ ಕೋಣೆಯವರು."

"ಪಕ್ಕದ ಕೋಣೆ ಖಾಲಿ ಇದೆ ಅನ್ಕೊಂಡಿದ್ದೆ."

ಪಕ್ಕದ ಕೋಣೆಗೆ ಹೋದರೆ ಜಿಪಾರ್ ಕನ್ನಡಕ ಒರೆಸುತ್ತ, "ಕುರಿಗೆ ಹಲ್ಲಿದ್ರೆ ಏನು, ಬಿಟ್ರೆ ಏನಮ್ಮ, ಕೆಲವರಿಗೆ ಎಲುಬು ತಿನ್ನೋದೇ ಮುಖ್ಯ," ಎಂದರು, ಗೋಡೆಯ ಆಚೆಗೂ ಕೇಳಿಸುವಂತೆ.

ಮೇ ತಿಂಗಳ ಎರಡನೆಯ ವಾರ ಅತಿಥಿ ಬಂದ. ಲೆನ್ನಾರ್ಟ್ ಎಂದು ಹೆಸರು, ತೆಳ್ಳಗೆ, ಉದ್ದಕ್ಕೆ, ಪ್ರತಿಯೊಂದನ್ನೂ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುವವನು. ಸಭಾಂಗಣ ತುಂಬಿತ್ತು. ತಾವು ಸೇರಿ ಆದ ಹೆಂಗಸು ಏನು ಹೇಳುತ್ತಾಳೋ ಎಂದು ತೊಂಬತ್ತೇಳು ಜನರೂ ಬಂದು ಕೂತಿದ್ದರು. ಸೊನುನ್‌ಬೂಬು ಮಗಳ ಮದುವೆಗೆ ಹೊಲಿಸಿದ ನೀಲಿ ಅಂಗಿ ತೊಟ್ಟು ವೇದಿಕೆ ಹತ್ತಿದಳು. ಆಯ್‌ಸಲ್ಕಿನ್ ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿದಳು.

"ನಾನು ಆರುನೂರ ನಲವತ್ತೊಂದು ಲೇಖನ ಬರೆದಿದೀನಂತೆ," ಎಂದು ಶುರುಮಾಡಿದಳು. "ಈ ವರ್ಷ ಎಲ್ಲಾ ಓದಿದೆ. ಕೆಲವು ಬರೀಬಾರದಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ತೊಂಬತ್ತೆಂಟರಲ್ಲಿ ನಾನೊಂದು ಪ್ರಶ್ನೆ ಕೇಳಿದೆ. ಕೊಕ್-ಬುಲಾಕ್ ಕುರಿಗಳ ಹಲ್ಲು ಯಾಕೆ ಸವೆದುಹೋಗತ್ತೆ ಅಂತ. ಐದು ವರ್ಷ ಬಿಟ್ಟು ಉತ್ತರ ನಾನೇ ಬರೆದೆ. ಕೆಳಗಿನ ಬುಗ್ಗೆ ನೀರು ಸರಿ ಇಲ್ಲ, ಮೇಲಿನದು ಕುಡಿಸಿ ಅಂತ. ಆದ್ರೆ ನಾನು ಬರೆದದ್ದು ನಂಗೆ ಗೊತ್ತಾಗಲಿಲ್ಲ. ಹದಿನಾರು ವರ್ಷ ಆಯ್ತು. ಕುರಿಗಳು ಇವತ್ತಿಗೂ ಅದೇ ನೀರು ಕುಡೀತಿವೆ."

ಲೆನ್ನಾರ್ಟ್ ಕೈ ಎತ್ತಿದ. ನಿಮ್ಮದೇ ಬರಹವನ್ನು ನೀವು ಯಾಕೆ ಓದಲಿಲ್ಲ ಎಂದು ಬಹಳ ಮೃದುವಾಗಿ, ಕಾಯಿಲೆಯವರನ್ನು ಕೇಳುವ ಹಾಗೆ ಕೇಳಿದ.

"ನಂಗೂ ನಂಗೂ ಮಾತಿಲ್ಲ ಸ್ವಾಮಿ," ಎಂದಳು ಸೊನುನ್‌ಬೂಬು. "ಒಂದು ಎಲುಬಿನ ವಿಚಾರಕ್ಕೆ."

ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಡೂಲೋತ್ ಕಿವಿಯ ತನಕ ಕೆಂಪಾದರು. ಜಿಪಾರ್ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಲೆನ್ನಾರ್ಟ್ 'ಎಲುಬು' ಎಂದು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದ.

ನಗು ಇಳಿದ ಮೇಲೆ ಅವಳು ಉಳಿದದ್ದನ್ನೂ ಹೇಳಿಬಿಟ್ಟಳು. ತಾನು ಕಾರ್ಡು ಬರೆಯುವವಳು, ಬರೆದವರು ಎದುರಿಗೆ ಕೂತಿದ್ದಾರೆ, ತೊಂಬತ್ತೇಳು ಜನ, ಎಣಿಸಿಕೊಳ್ಳಬಹುದು. ಮುಂದಿನ ಸಾಲಿನಲ್ಲಿ ರೆಕ್ಟರ್ ಕಣ್ಣು ಮುಚ್ಚಿದರು. ಆಯ್‌ಸಲ್ಕಿನ್ ಅವರನ್ನೊಮ್ಮೆ ನೋಡಿ, ಗಟ್ಟಿ ಮನಸ್ಸು ಮಾಡಿ, ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿದಳು.

ಲೆನ್ನಾರ್ಟ್ ನಿಜವಾಗಿಯೂ ಎದ್ದು ಎಣಿಸಿದ. ತೊಂಬತ್ತಾರು ಬಂತು. ಒಬ್ಬರು ಸಿಗರೇಟಿಗೆ ಹೋಗಿದ್ದರು. ಆಮೇಲೆ ಅವನು ತುಂಬ ವಿಷಾದದಿಂದ, ಈ ವರ್ಷದ ಪಟ್ಟಿ ಅಚ್ಚಾಗಿ ಹೋಗಿದೆ, ಸತ್ಯವನ್ನು ಮುಂದಿನ ವರ್ಷದಿಂದ ಮಾತ್ರ ಸೇರಿಸಲು ಸಾಧ್ಯ ಎಂದು ವಿವರಿಸಿ, ಬಂದ ಕೆಲಸದಂತೆ ಪ್ರಶಸ್ತಿಯ ಗಾಜಿನ ಫಲಕವನ್ನು ಅವಳ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡ.

ಕಾರಿಡಾರಿನಲ್ಲಿ ಡೂಲೋತ್ ಅವರ ದನಿ ಆಗಲೇ ಮೊಳಗುತ್ತಿತ್ತು. "ನಿನ್ನ ನೀರಿನ ಲೆಕ್ಕವೇ ತಪ್ಪಿರಬೇಕು! ನೀರಿಂದ ಹಲ್ಲು ಹೋಗೋದಾದ್ರೆ ಕುರುಬನ ಹಲ್ಲು ಯಾಕೆ ಹೋಗಲಿಲ್ಲ?"

"ಕುರುಬ ನೀರು ಕುಡೀತಾನೆ ಅಂತ ಯಾರು ಹೇಳಿದ್ದು ನಿಮಗೆ?" ಎಂದರು ಜಿಪಾರ್.

ಹತ್ತೊಂಬತ್ತು ವರ್ಷದಲ್ಲಿ ಅವರಾಡಿದ ಮೊದಲ ಮಾತುಗಳು ಅವು. ಒಬ್ಬರದು ತಪ್ಪೆಂದು ಇನ್ನೊಬ್ಬರು ತೋರಿಸಲೇಬೇಕೆಂದು ಆ ಶನಿವಾರವೇ ಇಬ್ಬರೂ ಕೆನೆಶ್‌ನ ವ್ಯಾನಿನಲ್ಲಿ ಕೊಕ್-ಬುಲಾಕ್‌ಗೆ ಹೋದರು. ದಾರಿಯುದ್ದಕ್ಕೂ ಜಗಳ, ವ್ಯಾನಿನ ಗಾಜು ಅದುರುತ್ತಿತ್ತು ಎಂದು ಕೆನೆಶ್ ಆಮೇಲೆ ಹೇಳಿದ. ಸಂಜೆ ಬರುವಾಗಲೂ ಜಗಳವೇ, ಆದರೆ ಆಗ ನೀರಿನ ತೊಟ್ಟಿಯನ್ನು ಮೇಲಿನ ಬುಗ್ಗೆಗೆ ಎತ್ತಿಡುವುದು ಹೇಗೆ ಎಂಬ ಬಗ್ಗೆ. ಕೊಳವೆ ಎಳೆಯಬೇಕೆಂದು ಒಬ್ಬರು, ಮಂದೆಯನ್ನೇ ಮೇಲಕ್ಕೆ ಹತ್ತಿಸಬೇಕೆಂದು ಇನ್ನೊಬ್ಬರು. ಕುರುಬನ ಹೆಂಡತಿ ಬುರ್ಮಾ ಇಬ್ಬರ ಮಾತೂ ಮುಗಿಯುವ ತನಕ ಕಾಯದೆ ಮಾರನೆಯ ದಿನ ತೊಟ್ಟಿಯನ್ನು ಕತ್ತೆಗೆ ಕಟ್ಟಿ ಮೇಲಕ್ಕೆ ಎಳೆಸಿದಳು.

ರೆಕ್ಟರ್ ಮುದ್ರೆಯ ಖಾನೆ ತೆರೆದರು. ತೊಂಬತ್ತೇಳು ಜನರನ್ನು ಸೊನುನ್‌ಬೂಬುವಿನಿಂದ ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಒಬ್ಬೊಬ್ಬರಾಗಿ ಹೊರಬಂದರು. ಬಂದವರು ಒಂದು ಡಬ್ಬಿ ಏಪ್ರಿಕಾಟ್ ಜಾಮ್ ತಂದು ಅವಳ ಮೇಜಿನ ಮೇಲಿಟ್ಟು, ತಮ್ಮ ಲೇಖನ ಓದಿದಾಗ ಏನನ್ನಿಸಿತು ಎಂದು ನಾಚುತ್ತ ಕೇಳಿ ಹೋಗುತ್ತಿದ್ದರು. ವಿಶ್ವವಿದ್ಯಾಲಯ ಪಟ್ಟಿಯಿಂದಲೇ ಜಾರಿಹೋಯಿತು. ಎಸೆನ್‌ಗುಲ್ ಮಾಮಿರೊವಿಚ್‌ಗೆ ಬೇರೊಂದು ಊರಿಗೆ ವರ್ಗವಾಯಿತು, ಹೋಗುವಾಗ ಗಾಜಿನ ಫಲಕವನ್ನು ಟವೆಲಿನಲ್ಲಿ ಸುತ್ತಿ ಒಯ್ದರು. ಹನ್ನೊಂದು ಲೇಖನಗಳನ್ನು ತಮ್ಮವೆಂದು ಯಾರೂ ಒಪ್ಪಲಿಲ್ಲ. ಓದಿ ನೋಡಿದ್ದ ಸೊನುನ್‌ಬೂಬುವಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವು ಈಗಲೂ ಅವಳ ಹೆಸರಿನಲ್ಲೇ ಇವೆ.

ಡೂಲೋತ್, ಜಿಪಾರ್ ಕೂಡಿ ಬರೆದ ಲೇಖನ ಒಂದು ಒಳ್ಳೆಯ ಪರದೇಶಿ ಪತ್ರಿಕೆಯಲ್ಲಿ ಬಂತು. ಯಾರ ಹೆಸರು ಮೊದಲು ಎಂಬುದಕ್ಕೆ ಎಂಟು ತಿಂಗಳು ತಡವಾಯಿತು. ಮೂರನೆಯ ಹೆಸರು ನಿನ್ನದಿರಲಿ ಎಂದು ಇಬ್ಬರೂ ಒತ್ತಾಯ ಮಾಡಿದಾಗ ಸೊನುನ್‌ಬೂಬು ಕೈ ಮುಗಿದಳು. "ಬೇಡ ಬೈಕೆ, ಬೇಡ ಎಜೆ. ತೊಂಬತ್ತೇಳು ಜನ ಆಗಿ ಸಾಕಾಗಿದೆ."

ಲೇಖನ ಅಚ್ಚಾದ ಬೇಸಿಗೆಯಲ್ಲಿ ಒಂದು ಭಾನುವಾರ ಅವಳು ಕೆನೆಶ್‌ನನ್ನು ಕರೆದುಕೊಂಡು ತಾನೇ ಕೊಕ್-ಬುಲಾಕ್‌ಗೆ ಹೋದಳು. ಬುರ್ಮಾ ಕುದುರೆ ಹಾಲು ಬಗ್ಗಿಸಿ ಕೊಟ್ಟು, ಯಾವ ಕೆಲಸಕ್ಕೆ ಬಂದಿರಿ ಎಂದು ಕೇಳಿದಳು.

"ಹಲ್ಲು ನೋಡೋಕೆ," ಎಂದಳು ಸೊನುನ್‌ಬೂಬು. "ಓದಿದೀನಿ ಅಷ್ಟೇ. ನೋಡಿಲ್ಲ."

ತೊಟ್ಟಿ ಮೇಲಕ್ಕೆ ಹೋದ ಮೇಲೆ ಹುಟ್ಟಿದ ಒಂದು ಹೆಣ್ಣು ಕುರಿಯನ್ನು ಬುರ್ಮಾ ಕಾಲ ನಡುವೆ ಒತ್ತಿಹಿಡಿದು, ಹೆಬ್ಬೆರಳಿನಿಂದ ಅದರ ಕೆಳದುಟಿ ಇಳಿಸಿದಳು. ಹೊಸ ಹಲ್ಲುಗಳು ಬಿಳಿಯಾಗಿ, ಒತ್ತೊತ್ತಾಗಿ ನಿಂತಿದ್ದವು. ಸೊನುನ್‌ಬೂಬು ಕನ್ನಡಕ ಹಾಕಿಕೊಂಡು ಬಗ್ಗಿ, ಬೆರಳಿಟ್ಟು ಎಣಿಸಿದಳು. ಕುರಿ ಅವಳ ಬೆರಳು ಕಚ್ಚಿತು.

"ಅಬ್ಬಾ," ಎಂದಳು ಅವಳು ಕೈ ಕೊಡವುತ್ತ, ಸಂತೋಷದಿಂದ. "ಗಟ್ಟಿಯಾಗಿವೆ."